ನಾಲ್ಕೇ ತಂತಿ, ಹಾಗಾದರೆ ಬೇಸ್ ಗಿಟಾರ್ ಸುಲಭವೇ? ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಯಾವುದಾದರೂ ಊರಿನಲ್ಲಿ ಜಾತ್ರೆಗೆ ರಸಮಂಜರಿ ಇಟ್ಟ ರಾತ್ರಿಯನ್ನು ನೆನಪಿಸಿಕೊಳ್ಳಿ. ನೀವಿನ್ನೂ ಹೊಲದ ದಾರಿಯಲ್ಲಿದ್ದೀರಿ, ವೇದಿಕೆ ಒಂದು ಕಿಲೋಮೀಟರ್ ದೂರದಲ್ಲಿದೆ. ಹಾಡಿನ ಮಾತು ತಿಳಿಯುವುದಿಲ್ಲ, ಕೊಳಲು ಕೇಳುವುದಿಲ್ಲ. ‘ಧಂ ಧಂ’ ಎನ್ನುವ ಕೆಳದನಿ ಮಾತ್ರ ಸ್ಪಷ್ಟವಾಗಿ ಬರುತ್ತಿರುತ್ತದೆ. ಮೇಲಿನ ಸ್ವರಗಳನ್ನು ಗಾಳಿ ಬೇಗ ಹೀರಿಕೊಳ್ಳುತ್ತದೆ, ಗೋಡೆ ಗಿಡ ಮರಗಳು ತಡೆಯುತ್ತವೆ. ಕೆಳಗಿನ ಸ್ವರಗಳ ಅಲೆ ಉದ್ದ. ಬೇಸ್ ಗಿಟಾರ್‌ನ ಅತಿ ಕೆಳಗಿನ ಸ್ವರದ ಒಂದು ಅಲೆಯೇ ಸುಮಾರು 8.3 ಮೀಟರ್, ಅಂದರೆ 27 ಅಡಿ. ಅಷ್ಟು ಉದ್ದದ ಅಲೆ ಮನೆ, ಮರಗಳನ್ನು ಬಳಸಿಕೊಂಡು ಮುಂದೆ ಸಾಗುತ್ತದೆ.

ಆ ಕೆಳದನಿಯಲ್ಲಿ ಡ್ರಮ್ಮಿನ ಜೊತೆ ಬೇಸ್ ಸೇರಿರುತ್ತದೆ. ಎಷ್ಟೋ ವಾದ್ಯಗೋಷ್ಠಿಗಳಲ್ಲಿ ಕೀಬೋರ್ಡ್ ನುಡಿಸುವವರ ಎಡಗೈಯೇ ಅದನ್ನು ನಿಭಾಯಿಸುತ್ತದೆ. ಬೇಸ್ ಗಿಟಾರ್ ಇದ್ದರೆ ಹಾಡಿನ ನಡೆಯೇ ಬೇರೆ. ಮನೆಯಲ್ಲಿ ಯಾರಾದರೂ ಅದನ್ನು ಕಲಿಯುತ್ತೇನೆ ಎಂದರೆ ಸಾಕು, ಸಲಹೆಗಳು ಶುರುವಾಗುತ್ತವೆ: ನಾಲ್ಕೇ ತಂತಿ, ಸುಲಭ. ಕೈ ಚಿಕ್ಕದು, ಆಗುವುದಿಲ್ಲ. ದೊಡ್ಡ ಆಂಪ್ಲಿಫೈಯರ್ ತಗೋ. ಇವುಗಳಲ್ಲಿ ಯಾವುದು ನಿಜ, ಯಾವುದು ಬರೀ ಮಾತು? ಕೆಳದನಿ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಇವುಗಳಿಗೆಲ್ಲ ಉತ್ತರ ಸಿಗುತ್ತದೆ. ಜೊತೆಗೆ ಹಣ ಉಳಿಯುತ್ತದೆ. ಒಂದು ವಿಷಯದಲ್ಲಂತೂ ಜೀವವೇ ಉಳಿಯುತ್ತದೆ.

ಕೆಳದನಿ ನಮಗೆ ಹೊಸದಲ್ಲ

ಬೇಸ್ ಗಿಟಾರ್ ಈಗಿನ ರೂಪದಲ್ಲಿ ಮಾರುಕಟ್ಟೆಗೆ ಬಂದು ಜನಪ್ರಿಯವಾದದ್ದು 1951ರಲ್ಲಿ. ಅಮೆರಿಕದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ತಂದರು. ಅಲ್ಲಿಯವರೆಗೆ ಆಳೆತ್ತರದ ಡಬಲ್ ಬೇಸ್ ಹೊತ್ತು ಊರೂರು ತಿರುಗುತ್ತಿದ್ದ ವಾದಕರಿಗೆ ಹೆಗಲಿಗೆ ನೇತುಹಾಕಿಕೊಳ್ಳುವ ವಾದ್ಯ ಸಿಕ್ಕಿತು.

ಆದರೆ ಅದು ಮಾಡುವ ಕೆಲಸ ನಮ್ಮ ಸೀಮೆಗೆ ಹಳೆಯದು. ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲೇ ಈ ಊರಿದೆ. ಪುಟ್ಟರಾಜ ಗವಾಯಿಗಳು ಹುಟ್ಟಿದ್ದು 1914ರಲ್ಲಿ, ಹಾನಗಲ್ ತಾಲ್ಲೂಕಿನ ದೇವರಹೊಸಪೇಟೆಯಲ್ಲಿ. ಇವರ ಗಾಯನದ ಹಿಂದೆ ತಂಬೂರಿ ಇರುತ್ತಿತ್ತು. ತಂಬೂರಿಗೂ ನಾಲ್ಕು ತಂತಿ. ಕೊನೆಯದು ಖರ್ಜ, ಅಂದರೆ ಕೆಳಗಿನ ಷಡ್ಜ. ಅದು ದಪ್ಪ ಹಿತ್ತಾಳೆ ತಂತಿ. ಗಂಡುದನಿಗೆ ಹಾರ್ಮೋನಿಯಂನ ‘ಕಪ್ಪು ಒಂದು’ ಸ್ವರಕ್ಕೆ ಶ್ರುತಿ ಮಾಡಿದರೆ ಖರ್ಜದ ತಂತಿ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ, ಅಂದರೆ 69 ಹರ್ಟ್ಜ್.

ಬೇಸ್ ಗಿಟಾರ್‌ನ ನಾಲ್ಕು ತಂತಿಗಳ ಹೆಸರು ಇ, ಎ, ಡಿ, ಜಿ. ಬಿಟ್ಟ ತಂತಿ ಮೀಟಿದರೆ ಅವುಗಳ ಕಂಪನ ಕ್ರಮವಾಗಿ 41, 55, 73 ಮತ್ತು 98 ಹರ್ಟ್ಜ್. ಎ ತಂತಿಯನ್ನು ನಾಲ್ಕನೇ ಫ್ರೆಟ್‌ನಲ್ಲಿ ಒತ್ತಿ ಮೀಟಿದರೆ 69 ಹರ್ಟ್ಜ್ ಬರುತ್ತದೆ. ಅದು ತಂಬೂರಿಯ ಅದೇ ಖರ್ಜ.

‘ಗಿಟಾರ್ ತಂತಿ ಸಡಿಲ ಮಾಡಿದರೆ ಬೇಸ್ ಆಗುತ್ತದೆ’

ಆಗುವುದಿಲ್ಲ. ಕಾರಣವನ್ನು ಫ್ರಾನ್ಸಿನ ಮರಿನ್ ಮರ್ಸೆನ್ 1636ರಲ್ಲೇ ಬರೆದಿಟ್ಟಿದ್ದಾರೆ. ತಂತಿಯ ದನಿ ಮೂರು ಸಂಗತಿಗಳನ್ನು ಅವಲಂಬಿಸುತ್ತದೆ: ಉದ್ದ, ತೂಕ ಮತ್ತು ಬಿಗಿ. ಉದ್ದ ಎರಡು ಪಟ್ಟಾದರೆ ದನಿ ಒಂದು ಸಪ್ತಕ ಕೆಳಗಿಳಿಯುತ್ತದೆ. ಅದೇ ಉದ್ದದ ತಂತಿಯ ತೂಕ ನಾಲ್ಕು ಪಟ್ಟಾದರೂ ಒಂದು ಸಪ್ತಕ ಇಳಿಯುತ್ತದೆ. ಬಿಗಿ ಕಾಲುಭಾಗಕ್ಕೆ ಬಂದರೂ ಅಷ್ಟೇ ಇಳಿಯುತ್ತದೆ.

ಗಿಟಾರ್ ತಂತಿಯನ್ನು ಒಂದು ಸಪ್ತಕ ಇಳಿಸಬೇಕಾದರೆ ಬಿಗಿಯನ್ನು ಕಾಲುಭಾಗಕ್ಕೆ ತರಬೇಕು. ಆಗ ಅದು ಬಟ್ಟೆ ಒಣಹಾಕುವ ಹಗ್ಗದಂತೆ ಜೋತಾಡುತ್ತದೆ, ಫ್ರೆಟ್‌ಗಳಿಗೆ ಬಡಿದು ಝರ್ರೆನ್ನುತ್ತದೆ. ಅದಕ್ಕೇ ಬೇಸ್ ಮಾಡುವವರು ಉದ್ದ ಮತ್ತು ತೂಕ ಎರಡನ್ನೂ ಹೆಚ್ಚಿಸಿದರು. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್‌ನ ತಂತಿಯ ಉದ್ದ 25.5 ಇಂಚು, ಬೇಸ್‌ನದು 34 ಇಂಚು. ತಂತಿಯ ಮೇಲೆ ಲೋಹದ ಎಳೆಯನ್ನು ಸುತ್ತಿ ತೂಕ ಕೂಡಿಸುತ್ತಾರೆ. ಸಾಮಾನ್ಯ ಸೆಟ್ಟಿನಲ್ಲಿ ನಾಲ್ಕೂ ತಂತಿಗಳು ಸೇರಿ ಕುತ್ತಿಗೆಯನ್ನು ಎಳೆಯುವ ಬಲ ಸುಮಾರು 75ರಿಂದ 80 ಕಿಲೋ ಭಾರಕ್ಕೆ ಸಮ. ಒಂದು ಭತ್ತದ ಚೀಲ ಹಗಲೂ ರಾತ್ರಿ ಜಗ್ಗಿದ ಹಾಗೆ. ಈ ಸಂಖ್ಯೆ ನೆನಪಿರಲಿ, ವಾದ್ಯ ಆರಿಸುವಾಗ ಬೇಕಾಗುತ್ತದೆ.

‘ನಾಲ್ಕೇ ತಂತಿ, ಆದ್ದರಿಂದ ಸುಲಭ’

ಅರ್ಧ ನಿಜ. ಗಿಟಾರ್‌ನಲ್ಲಿ ಒಂದೇ ಸಲಕ್ಕೆ ಆರು ತಂತಿ ಹಿಡಿಯುವ ಕಷ್ಟ ಇಲ್ಲಿಲ್ಲ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸ್ವರ. ಹಾಗಾಗಿ ಮೊದಲ ಹಾಡು ಬೇಗ ಬರುತ್ತದೆ.

ಆದರೆ ಬೇಸ್‌ನಲ್ಲಿ ತಪ್ಪು ಅಡಗುವುದಿಲ್ಲ. ಹಾಡು ಯಾವ ಸ್ವರದ ಮೇಲೆ ನಿಂತಿದೆ ಎಂದು ಕೇಳುಗರ ಕಿವಿಗೆ ಹೇಳುವುದು ಅದೇ. ಡ್ರಮ್ಮಿಗೂ ಹಾಡಿಗೂ ನಡುವಿನ ಸೇತುವೆಯೂ ಅದೇ. ತಬಲಾದ ಬಾಯಾ ಒಂದು ಮಾತ್ರೆ ತಡವಾದರೆ ಭಜನೆಯವರೆಲ್ಲ ತಿರುಗಿ ನೋಡುತ್ತಾರಲ್ಲ, ಹಾಗೆ. ಇನ್ನೊಂದು ಕಷ್ಟವಿದೆ. ಬೇಸ್‌ನ ತಂತಿ ಮೀಟಿದ ಮೇಲೆ ಬಹಳ ಹೊತ್ತು ಕಂಪಿಸುತ್ತದೆ. ಬೇಡವಾದಾಗ ಅದನ್ನು ಬೆರಳಿನಿಂದ ಸುಮ್ಮನಾಗಿಸಬೇಕು. ನುಡಿಸುವುದಕ್ಕಿಂತ ನಿಲ್ಲಿಸುವುದನ್ನು ಕಲಿಯಲು ಹೆಚ್ಚು ದಿನ ಬೇಕು.

‘ಚಿಕ್ಕ ಕೈಯವರಿಗಲ್ಲ, ಹುಡುಗಿಯರಿಗಲ್ಲ’

ಇದು ತಪ್ಪು ನಂಬಿಕೆ. ಇದರಿಂದ ಎಷ್ಟೋ ಮಕ್ಕಳು ಶುರುವಾಗುವ ಮೊದಲೇ ಬಿಟ್ಟುಬಿಡುತ್ತಾರೆ.

ಮೊದಲು ಅಳತೆ ನೋಡೋಣ. 34 ಇಂಚಿನ ಬೇಸ್‌ನಲ್ಲಿ ಮೊದಲ ಫ್ರೆಟ್‌ನ ಅಗಲ ಸುಮಾರು 48 ಮಿಲಿಮೀಟರ್. ಗಿಟಾರ್‌ನಲ್ಲಿ 36. ನಾಲ್ಕು ಬೆರಳನ್ನು ನಾಲ್ಕು ಫ್ರೆಟ್‌ಗೆ ಚಾಚಿ ಎಂದರೆ ದೊಡ್ಡವರ ಕೈಯೂ ನೋಯುತ್ತದೆ. ಅದಕ್ಕೆ ಡಬಲ್ ಬೇಸ್ ವಾದಕರ ಹಳೆಯ ಪದ್ಧತಿ ಇದೆ: ಕೆಳಗಿನ ಫ್ರೆಟ್‌ಗಳಲ್ಲಿ ನಾಲ್ಕರ ಬದಲು ಮೂರು ಫ್ರೆಟ್ ಹಿಡಿಯುವುದು. ತೋರುಬೆರಳು ಒಂದಕ್ಕೆ, ನಡುಬೆರಳು ಮುಂದಿನದಕ್ಕೆ, ಉಂಗುರದ ಬೆರಳು ಮತ್ತು ಕಿರುಬೆರಳು ಸೇರಿ ಮೂರನೆಯದಕ್ಕೆ. ಬೇಕಾದರೆ ಕೈಯನ್ನೇ ಸರಿಸುವುದು.

ಅದೂ ಕಷ್ಟವಾದರೆ 30 ಇಂಚಿನ ‘ಶಾರ್ಟ್ ಸ್ಕೇಲ್’ ಬೇಸ್ ಇದೆ. ಅದರ ಮೊದಲ ಫ್ರೆಟ್ 43 ಮಿಲಿಮೀಟರ್. ಇದು ಮಕ್ಕಳ ಆಟಿಕೆ ಅಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಕೊಂಡ ಪಿಟೀಲಿನಾಕಾರದ ಹೋಫ್ನರ್ ಬೇಸ್ ಇದೇ ಅಳತೆಯದು.

ಹುಡುಗಿಯರ ಮಾತಿಗೆ ಬಂದರೆ, 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಬೇಸ್ ನುಡಿಸಿದವರು ಕ್ಯಾರಲ್ ಕೇ. ಇಂದು ಜಗತ್ತು ಸುತ್ತುತ್ತಿರುವ ಬೇಸ್ ವಾದಕಿ ಮೋಹಿನಿ ಡೇ ಮುಂಬೈಯವರು. ಗಂಭೀರವಾದ ಕೆಳದನಿ ಗಂಡಸರದೇ ಎನ್ನುವವರಿಗೆ ಗಂಗೂಬಾಯಿಯವರ ಧ್ವನಿಮುದ್ರಿಕೆ ಹಾಕಿ ಕೇಳಿಸಿದರೆ ಸಾಕು.

ಕೈಗೆ ಸಂಬಂಧಿಸಿ ಒಂದು ಎಚ್ಚರಿಕೆ. ಮೊದಲ ಕೆಲವು ವಾರ ಬೆರಳ ತುದಿ ಉರಿಯುವುದು ಸಹಜ, ಚರ್ಮ ಗಟ್ಟಿಯಾದ ಮೇಲೆ ಹೋಗುತ್ತದೆ. ಆದರೆ ಮಣಿಕಟ್ಟು ನೋವು, ಬೆರಳು ಜೋಮು ಹಿಡಿಯುವುದು ಸಹಜವಲ್ಲ. ಮಣಿಕಟ್ಟು ತೀರಾ ಬಾಗಿದೆಯೇ, ಪಟ್ಟಿ ತೀರಾ ಕೆಳಗಿದೆಯೇ ನೋಡಿ. ಸರಿಪಡಿಸಿದರೂ ಹೋಗದಿದ್ದರೆ ಬಿಡುವು ಕೊಟ್ಟು ವೈದ್ಯರಿಗೆ ತೋರಿಸಿ.

‘ಬೇಸ್ ಇದ್ದರೂ ಇಲ್ಲದಿದ್ದರೂ ಒಂದೇ, ಕೇಳಿಸುವುದೇ ಇಲ್ಲ’

ಇದಕ್ಕೆ ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಸಂತ ಷರೀಫರ ಪದಗಳನ್ನು ಏಕತಾರಿ, ದಮ್ಮಡಿಯೊಂದಿಗೆ ಹಾಡುವುದನ್ನು ಕೇಳಿ ಬೆಳೆದವರು ನಾವು. ಅವೇ ಪದಗಳು 2008ರಲ್ಲಿ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಮ್‌ನಲ್ಲಿ ಬೇಸ್ ಗಿಟಾರ್ ಜೊತೆ ಬಂದವು. ಆ ತಂಡದಲ್ಲಿ ಬೇಸ್ ನುಡಿಸುತ್ತಿದ್ದವರು ಗೌರವ್ ವಾಜ್. ಅದರಲ್ಲಿನ ಷರೀಫರ ಗುಡುಗುಡಿಯ ಪದವನ್ನು ಮೊದಲು ಮೊಬೈಲಿನ ಸ್ಪೀಕರಿನಲ್ಲಿ ಕೇಳಿ, ಆಮೇಲೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಎರಡನೇ ಸಲ ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುವುದು ಗೊತ್ತಾಗುತ್ತದೆ.

ಕೆಳದನಿಗೆ ಬಹಳ ಗಾಳಿಯನ್ನು ಅಲ್ಲಾಡಿಸಬೇಕು. ಮೊಬೈಲಿನ ಬೆರಳುಗುರಿನಷ್ಟು ಸ್ಪೀಕರಿಗೆ ಅದು ಆಗದ ಕೆಲಸ. ಕೆಲವು ನೂರು ಹರ್ಟ್ಜ್‌ಗಿಂತ ಕೆಳಗಿನದನ್ನು ಅದು ತೀರಾ ಕ್ಷೀಣವಾಗಿ ನುಡಿಯುತ್ತದೆ. ಹಾಗಾದರೆ ಮೊಬೈಲಿನಲ್ಲೂ ಬೇಸ್ ಸ್ವಲ್ಪ ಕೇಳಿದಂತೆ ಅನಿಸುವುದೇಕೆ? 41 ಹರ್ಟ್ಜ್‌ನ ತಂತಿ ಮೀಟಿದಾಗ ಅದರ ಜೊತೆಗೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಮೇಲುಸ್ವರಗಳೂ ಹುಟ್ಟುತ್ತವೆ. ಮೇಲಿನವಷ್ಟೇ ಕಿವಿಗೆ ಬಿದ್ದರೂ ಮಿದುಳು ಲೆಕ್ಕ ಹಾಕಿ ಇಲ್ಲದ ಕೆಳಸ್ವರವನ್ನು ತುಂಬಿಕೊಳ್ಳುತ್ತದೆ. ತಂಬೂರಿಯ ಖರ್ಜ ಅಷ್ಟು ತುಂಬಿ ಕೇಳುವುದರಲ್ಲೂ ಮೇಲುಸ್ವರಗಳ ಪಾಲು ದೊಡ್ಡದು. ತಂಬೂರಿಯ ಬಾಗಿದ ಕುದುರೆ ಮತ್ತು ಜೀವಾಳದ ಎಳೆಯಿಂದ ಇವು ಹೇಗೆ ಸಮೃದ್ಧವಾಗುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲಿ ವಿವರಿಸಿದ್ದರು.

ಕಲಿಯುವವರಿಗೆ ಇದರ ಪಾಠ ಸರಳ: ಹಾಡಿನ ಬೇಸ್ ನೋಡಿ ಕಲಿಯಬೇಕಾದರೆ ಮೊಬೈಲ್ ಸ್ಪೀಕರ್ ನಂಬಬೇಡಿ.

‘ವ್ಯಾಟ್ ಹೆಚ್ಚಿದ್ದಷ್ಟೂ ಒಳ್ಳೆಯದು’

ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. ಹೆಚ್ಚುವುದು 3 ಡೆಸಿಬೆಲ್, ಅದು ಕಿವಿಗೆ ತುಸುವೇ ಜಾಸ್ತಿ. ಸದ್ದು ಎರಡು ಪಟ್ಟು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 20 ವ್ಯಾಟ್ ಬಿಟ್ಟು 40 ವ್ಯಾಟ್ ಕೊಂಡರೆ ಕೊಟ್ಟ ಹಣದಷ್ಟು ಸದ್ದು ಬರುವುದಿಲ್ಲ. ಸ್ಪೀಕರಿನ ಅಳತೆಯೂ ಅಷ್ಟೇ ಮುಖ್ಯ.

ನಮ್ಮ ಕಿವಿಗೆ ಕೆಳದನಿ ಮಂದವಾಗಿ ಕೇಳುವುದೂ ನಿಜ. ಆದ್ದರಿಂದ ವೇದಿಕೆಯಲ್ಲಿ ಗಿಟಾರ್‌ಗಿಂತ ಬೇಸ್‌ಗೆ ಹೆಚ್ಚು ಶಕ್ತಿ ಬೇಕು. ಆದರೆ ಮನೆಯ ಅಭ್ಯಾಸಕ್ಕೆ 10ರಿಂದ 25 ವ್ಯಾಟ್‌ನ, 8 ಇಂಚಿನ ಸ್ಪೀಕರಿನ ಬೇಸ್ ಆಂಪ್ ಧಾರಾಳ. ಅದರಲ್ಲಿ ಹೆಡ್‌ಫೋನ್ ಕಿಂಡಿ ಇರಲಿ. 27 ಅಡಿಯ ಅಲೆಗೆ ಪಕ್ಕದ ಮನೆಯ ಗೋಡೆ ಲೆಕ್ಕಕ್ಕಿಲ್ಲ. ಊರ ವೇದಿಕೆಗೆ ದೊಡ್ಡ ಆಂಪ್ ಹೊರುವ ಬದಲು ಡಿಐ ಬಾಕ್ಸ್ ಎನ್ನುವ ಸಣ್ಣ ಪೆಟ್ಟಿಗೆಯ ಮೂಲಕ ಸೌಂಡ್ ಸಿಸ್ಟಂಗೇ ಜೋಡಿಸಬಹುದು. ಗಿಟಾರ್ ಆಂಪ್‌ಗೆ ಬೇಸ್ ಹಾಕಿದರೆ ಸಣ್ಣ ಸದ್ದಿನಲ್ಲಿ ತೊಂದರೆಯಿಲ್ಲ, ಜೋರಾಗಿಟ್ಟರೆ ಸ್ಪೀಕರಿನ ಕೋನ್ ಹರಿಯಬಹುದು.

‘ಕೆಳದನಿ ಕಿವಿಗೆ ಹಾನಿ ಮಾಡುವುದಿಲ್ಲ’ ಎನ್ನುವವರೂ ಇದ್ದಾರೆ. ಜೋರಿನ ಯಾವ ದನಿಯೂ ಹಾನಿಕರವೇ. ವಾರಕ್ಕೆ 80 ಡೆಸಿಬೆಲ್ ಆದರೆ 40 ಗಂಟೆ, 90 ಡೆಸಿಬೆಲ್ ಆದರೆ 4 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿದ ಮಿತಿ ಇದು. ಒಳಕಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಬೆಳೆಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯ: ಮೂರನೇ ಪಿನ್

ಬೇಸ್‌ನ ತಂತಿಗಳು ಲೋಹದವು. ವಾದ್ಯದೊಳಗಿನ ಒಂದು ವೈರು ಅವುಗಳನ್ನು ಕೇಬಲ್ ಮೂಲಕ ಆಂಪ್‌ನ ಲೋಹದ ಚೌಕಟ್ಟಿಗೆ ಜೋಡಿಸುತ್ತದೆ. ಆಂಪ್‌ಗೆ ಸರಿಯಾದ ಅರ್ಥಿಂಗ್ ಇದ್ದರೆ ಇದು ಕ್ಷೇಮ. ಮೂರನೇ ಪಿನ್ ಮುರಿದ ಪ್ಲಗ್, ಅರ್ಥಿಂಗ್ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡ್, ಎರಡು ಬರೀ ವೈರು ಸಿಕ್ಕಿಸಿದ ಜನರೇಟರ್ ಇದ್ದರೆ ಕಥೆ ಬೇರೆ. ಆಂಪ್‌ನೊಳಗೆ ಕರೆಂಟ್ ಸೋರಿದರೆ ಅದು ನೇರ ನಿಮ್ಮ ಬೆರಳಿಗೆ ಬರುತ್ತದೆ. ಆ ಹೊತ್ತಿನಲ್ಲಿ ತುಟಿ ಮೈಕಿಗೆ ತಾಗಿದರೆ, ಮೈಕಿನ ಅರ್ಥಿಂಗ್ ಬೇರೆ ದಾರಿಯಲ್ಲಿದ್ದರೆ, ಕರೆಂಟ್ ಕೈಯಿಂದ ಎದೆಯ ಮೂಲಕ ಬಾಯಿಗೆ ಹರಿಯುತ್ತದೆ.

ಇದು ಹೆದರಿಸುವ ಮಾತಲ್ಲ. ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಪ್ರೇಕ್ಷಕರೆದುರೇ ತೀರಿಕೊಂಡದ್ದು ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ. ಮಳೆಗಾಲದ ಹಸಿ ನೆಲ, ಬರಿಗಾಲು, ತಾತ್ಕಾಲಿಕ ವೈರಿಂಗ್ ಮೂರೂ ಕೂಡಿದ ನಮ್ಮ ಊರ ವೇದಿಕೆಗಳಲ್ಲಿ ಅಪಾಯ ಇನ್ನೂ ಹೆಚ್ಚು.

ಮಾಡಬೇಕಾದದ್ದು ಇಷ್ಟು. ಮೂರು ಪಿನ್‌ನ ಪ್ಲಗ್ ಮುರಿಯಬೇಡಿ. ವಾದ್ಯ, ಮೈಕ್, ಮಿಕ್ಸರ್ ಎಲ್ಲಕ್ಕೂ ಒಂದೇ ಕಡೆಯಿಂದ ಕರೆಂಟ್ ತೆಗೆದುಕೊಳ್ಳಿ. ಸೋರಿಕೆಯಾದ ಕ್ಷಣವೇ ಕರೆಂಟ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ನುಡಿಸುವ ಮೊದಲು ತಂತಿಗೂ ಮೈಕಿಗೂ ಟೆಸ್ಟರ್ ಮುಟ್ಟಿಸಿ ನೋಡಿ. ಟೆಸ್ಟರ್ ಉರಿಯಲಿಲ್ಲ ಎಂದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ, ಅರ್ಥಿಂಗ್ ಪರೀಕ್ಷೆ ಎಲೆಕ್ಟ್ರಿಷಿಯನ್‌ರಿಂದಲೇ ಆಗಬೇಕು.

ಒಂದು ಗೊಂದಲ ಬೇಡ. ತಂತಿ ಮುಟ್ಟಿದಾಗ ಸ್ಪೀಕರಿನ ‘ಗುಂಯ್’ ಸದ್ದು ಕಡಿಮೆಯಾಗುವುದು ಸಹಜ, ಅದು ಶಾಕ್ ಅಲ್ಲ. ಬೆರಳಿಗೆ ಜುಮ್ ಎಂದರೆ ಮಾತ್ರ ತಕ್ಷಣ ನಿಲ್ಲಿಸಿ, ಸ್ವಿಚ್ ಆರಿಸಿ. ‘ಸ್ವಲ್ಪ ಹೊಡೀತದೆ, ಪರವಾಗಿಲ್ಲ’ ಎಂದು ಯಾರು ಹೇಳಿದರೂ ಕೇಳಬೇಡಿ.

ಅಂಗಡಿಯಲ್ಲಿ ಏನು ನೋಡಬೇಕು?

ಇಟ್ಟ ಹಣವನ್ನೆಲ್ಲ ವಾದ್ಯಕ್ಕೇ ಸುರಿಯಬೇಡಿ. ಆಂಪ್ ಅಥವಾ ಹೆಡ್‌ಫೋನ್ ಆಂಪ್, ಕೇಬಲ್, ಅಗಲವಾದ ಪಟ್ಟಿ, ಶ್ರುತಿಗೆ ಟ್ಯೂನರ್, ಮತ್ತು ವಾದ್ಯವನ್ನು ಹದಗೊಳಿಸುವ ಖರ್ಚು ಇವಕ್ಕೂ ಎತ್ತಿಡಿ. ಹೊಸಬರಿಗೆ ಯಮಾಹಾ ಟಿಆರ್‌ಬಿಎಕ್ಸ್174, ಐಬಾನೆಜ್‌ನ ಜಿಎಸ್‌ಆರ್ ಸಾಲಿನಂಥ ನಾಲ್ಕು ತಂತಿಯ ವಾದ್ಯ ಸಾಕು. ಚಿಕ್ಕ ಕೈಗೆ 30 ಇಂಚಿನ ಸ್ಕ್ವಾಯರ್ ಬ್ರಾಂಕೊ, ಇನ್ನೂ ಚಿಕ್ಕದು ಬೇಕಾದರೆ 28.6 ಇಂಚಿನ ಐಬಾನೆಜ್ ಮಿಕ್ರೊ ಇವೆ. ಐದು ತಂತಿಯದು ಆಮೇಲೆ ನೋಡಿದರಾಯಿತು.

ಈಗ ಆ ಭತ್ತದ ಚೀಲ ನೆನಪಿಸಿಕೊಳ್ಳಿ. ಅಷ್ಟು ಎಳೆತಕ್ಕೆ ಕುತ್ತಿಗೆ ಬಾಗಿರಬಹುದು, ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಹೆಚ್ಚು. ಒಂದು ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ, ಏಳು ಎಂಟನೇ ಫ್ರೆಟ್ ಬಳಿ, ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಚೆನ್ನ. ಬೆರಳುಗುರು ತೂರುವಷ್ಟಿದ್ದರೆ ಕುತ್ತಿಗೆಯೊಳಗಿನ ಟ್ರಸ್ ರಾಡ್ ಎನ್ನುವ ಕಬ್ಬಿಣದ ಸರಳನ್ನು ತಿರುಗಿಸಿ ಸರಿಪಡಿಸಬೇಕು. ಅದರ ನಟ್ಟು ತಿರುಗದಿದ್ದರೆ ಆ ವಾದ್ಯ ಬೇಡ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒತ್ತಿ ಝರ್ರೆನ್ನುತ್ತದೆಯೇ ಕೇಳಿ. ಕೇಬಲ್ ಸಿಕ್ಕಿಸಿ ಗುಂಡಿಗಳನ್ನು ತಿರುಗಿಸಿ, ಕರಕರ ಎಂದರೆ ಚೌಕಾಸಿಗೆ ದಾರಿಯಾಯಿತು.

ಮರಕ್ಕೆ ಹವೆ ತಾಗುತ್ತದೆ. ಹಾನಗಲ್ಲಿನ ಮಲೆನಾಡಂಚಿನ ಮಳೆಗಾಲದಲ್ಲಿ ತೇವ ಕುಡಿದ ಕುತ್ತಿಗೆ ಸವಣೂರಿನ ಬೇಸಿಗೆಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ವರ್ಷಕ್ಕೆ ಎರಡು ಸಲ ಇದೇ ಸಂದನ್ನು ನೋಡಿಕೊಳ್ಳಿ. ಹೆಂಚಿನ ಮನೆಯ ಗೋಡೆಗೆ ಒರಗಿಸದೆ ಚೀಲದೊಳಗಿಡಿ.

ಮೊದಲ ತಿಂಗಳು

ದಿನಕ್ಕೆ ಎರಡು ತಾಸು ಒಂದೇ ಉಸಿರಿಗೆ ಕೂರುವುದಕ್ಕಿಂತ ಇಪ್ಪತ್ತು ನಿಮಿಷದಂತೆ ಎರಡು ಸಲ ಕೂರುವುದು ಬೆರಳಿಗೂ ಒಳ್ಳೆಯದು, ನೆನಪಿಗೂ ಒಳ್ಳೆಯದು. ಹಾರ್ಮೋನಿಯಂ ಸರಿಗಮ ಗೊತ್ತಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಒಂದು ಫ್ರೆಟ್ ಎಂದರೆ ಒಂದು ಮನೆ, ಹನ್ನೆರಡು ಫ್ರೆಟ್ ಎಂದರೆ ಒಂದು ಸಪ್ತಕ. ಎಲ್ಲಿ ಸಾ ಹಿಡಿದರೂ, ಅದರ ಕೆಳಗಿನ ತೆಳು ತಂತಿಯ ಅದೇ ಫ್ರೆಟ್‌ನಲ್ಲಿ ಶುದ್ಧ ಮಧ್ಯಮ ಇರುತ್ತದೆ. ಅಲ್ಲಿಂದ ಎರಡು ಫ್ರೆಟ್ ಮುಂದೆ ಪಂಚಮ. ಸಾ ದಿಂದ ಎರಡು ತಂತಿ ದಾಟಿ ಎರಡು ಫ್ರೆಟ್ ಮುಂದೆ ಹೋದರೆ ಮೇಲಿನ ಸಾ. ಈ ಚಿತ್ರ ವಾದ್ಯದ ಎಲ್ಲ ಕಡೆಯೂ ಒಂದೇ.

ಮೊದಲ ವಾರ ಮೊಬೈಲಿನಲ್ಲಿ ತಬಲಾ ಕೆಹರವಾ ನಿಧಾನಗತಿಯಲ್ಲಿ ಹಾಕಿಕೊಂಡು ಸಮ್ ಬಂದಾಗ ಒಂದೇ ಸಾ ನುಡಿಸಿ, ಉಳಿದ ಮಾತ್ರೆಗಳಲ್ಲಿ ತಂತಿಯನ್ನು ಸುಮ್ಮನಿಡಿ. ಎರಡನೇ ವಾರ ಐದನೇ ಮಾತ್ರೆಗೆ ಪಂಚಮ ಸೇರಿಸಿ. ಮೂರು, ನಾಲ್ಕನೇ ವಾರ ಗೊತ್ತಿರುವ ಒಂದು ಭಜನೆ ಅಥವಾ ತತ್ವಪದಕ್ಕೆ ಅಷ್ಟನ್ನೇ ನುಡಿಸಿ. ಮನೆಯಲ್ಲಿ ಹಾಡುವವರಿದ್ದು ಅವರು ‘ಕಪ್ಪು ಒಂದು’ ಎಂದರೆ ಹುಡುಕಾಡಬೇಕಿಲ್ಲ: ಎ ತಂತಿ, ನಾಲ್ಕನೇ ಫ್ರೆಟ್.